ಕೈಗೆ ಆಡಬಾರದ ಚಕ್ರ

ಪೀಣ್ಯದ ಗ್ಯಾರೇಜುಗಳಲ್ಲಿ ನನ್ನ ಹೆಸರಿನೊಡನೆ ಒಂದು ಕಥೆ ಓಡಾಡುತ್ತಿದೆ. ತಿರುಗದಂತೆ ಹಿಡಿದುಕೊಂಡು ನಿಂತ ಜೀಪಿನ ಚಕ್ರಕ್ಕೆ ನಂಜಣ್ಣ ಕಿವಿಯಿಟ್ಟು ಕೇಳಿದನಂತೆ. ಬಿಚ್ಚಿ ನೋಡುವ ಮೊದಲೇ ತಪ್ಪು ಯಾರದೆಂದು ಹೇಳಿದನಂತೆ. ಅದರಿಂದ ಒಬ್ಬ ಡ್ರೈವರನ ಕೆಲಸ ಉಳಿಯಿತಂತೆ. ಹಿಡಿದುಕೊಂಡ ಚಕ್ರ ತಿರುಗುವುದಿಲ್ಲ. ತಿರುಗದ ಚಕ್ರ ಸದ್ದು ಮಾಡುವುದಿಲ್ಲ. ಇಷ್ಟನ್ನೂ ಯೋಚಿಸದೆ ಈ ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸುತ್ತಿರುವವರು ದಿನವೂ ಚಕ್ರ ಬಿಚ್ಚುವ ಜನವೇ ಎಂಬುದು ನನಗೆ ಸೋಜಿಗ. ಅವರಲ್ಲಿ ಯಾರೂ ಅಂದು ಅಲ್ಲಿರಲಿಲ್ಲ. ನಾನಿದ್ದೆ. ಕೆಲಸದಿಂದ ನಿವೃತ್ತನಾದ ಮೇಲೆ ಬರೆಯಲು ಕುಳಿತಿರುವುದಕ್ಕೆ ಈ ಕಥೆಯೇ ಮುಖ್ಯ ಕಾರಣ. ಈ ವೃತ್ತಿಗೆ ಹೊಸದಾಗಿ ಬರುವವರು ಇದನ್ನು ನಂಬಿ ತಮ್ಮ ಕಿವಿಯ ಮೇಲೆ ಭಾರ ಹಾಕಿದರೆ, ಅದರ ಫಲ ಉಣ್ಣುವವರು ಗಾಡಿಯಲ್ಲಿ ಕುಳಿತವರು.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಬೇರಿಂಗಿನ ಡಬ್ಬಿಯೊಳಗೆ ಮಡಿಸಿಟ್ಟಿರುವ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿರುತ್ತದೆ. ಎಲ್ಲರೂ ಅದರಲ್ಲಿ ಕೈಯೊರೆಸಿ ಬಿಸಾಡುತ್ತಿದ್ದರು. ನಾನು ನಿಘಂಟು ಇಟ್ಟುಕೊಂಡು ಓದುತ್ತಿದ್ದೆ. ಅದರಲ್ಲಿದ್ದುದೆಲ್ಲ ವೇದವಾಕ್ಯವೇನೂ ಆಗಿರಲಿಲ್ಲ. ನಮ್ಮ ರಸ್ತೆಗಳನ್ನು ಕಾಣದವರು ಬರೆದ ಮಾತುಗಳೂ ಅದರಲ್ಲಿದ್ದವು. ಆದರೆ ಬರೆದದ್ದನ್ನು ಮತ್ತೊಮ್ಮೆ ಓದಿ ಜಗಳವಾಡಬಹುದು. ಬಾಯಿಮಾತಿನೊಡನೆ ಜಗಳವಾಡಲು ಹೋದರೆ, ಅದು ಅಷ್ಟರಲ್ಲಿ ಬೇರೊಂದು ಮಾತಾಗಿರುತ್ತದೆ.

ನಮ್ಮ ಗ್ಯಾರೇಜಿನಲ್ಲಿ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಎಳೆತವಿರುವ ಹಳೆಯ ಗಾಡಿಗಳದ್ದೇ ಕೆಲಸ. ಫೋರ್‌ಮನ್ ದೊರೈ ನನ್ನ ಮೇಲಿನವರು. ಕೋಲಾರದ ಕಡೆಯಿಂದ ಬಂದ ತಮಿಳರು. ಕೈ ಬಹಳ ಶುದ್ಧ. ಅವರು ಕುಳ್ಳಿರಿಸಿದ ಬೇರಿಂಗಿನ ಉಂಗುರ ಓರೆಯಾದದ್ದನ್ನು ನಾನು ಕಂಡಿಲ್ಲ. ಆದರೆ ಅವರ ಬಾಯಲ್ಲಿ ಸೂತ್ರಗಳಿದ್ದವು. ಗ್ರೀಸು ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ಒಂದು. ಗಾಲಿಯ ನಡುವಿನ ಹಬ್ಬನ್ನು, ಎತ್ತಿನ ಗಾಡಿಯವರು ಗುಂಭ ಎನ್ನುತ್ತಿದ್ದ ಭಾಗವನ್ನು, ಅವರು ಕಡುಬಿಗೆ ಹೂರಣ ತುಂಬುವಂತೆ ತುಂಬಿಸುತ್ತಿದ್ದರು. ಬೇಸಿಗೆಯಲ್ಲಿ ಆ ಗ್ರೀಸು ಕಾದು ಕರಗಿ ಬ್ರೇಕಿನೊಳಕ್ಕೆ ಇಳಿಯುತ್ತಿತ್ತು. ಗಾಡಿ ಬ್ರೇಕು ಹಿಡಿಯುತ್ತಿಲ್ಲವೆಂದು ತಿರುಗಿ ಬಂದರೆ ಗ್ರೀಸಿನ ಕಂಪನಿಯನ್ನು ಬೈದು, ಬೇರೆ ಕಂಪನಿಯ ಗ್ರೀಸನ್ನು ಅಷ್ಟೇ ತುಂಬಿಸುತ್ತಿದ್ದೆವು.

ಮತ್ತೊಂದು ಸೂತ್ರ ನೀರಿನದು. ಹಳೆಯ ಜೀಪಿನ ಮುಂದಿನ ಹಬ್ಬುಗಳ ಹೊರಮೈಯಲ್ಲಿ ಬೆರಳಿನಿಂದ ತಿರುಗಿಸುವ ಒಂದು ಗುಂಡಿಯಿರುತ್ತದೆ. ಒಂದು ಕಡೆ ತಿರುಗಿಸಿದರೆ ಚಕ್ರ ಎಂಜಿನ್ನಿನ ಎಳೆತಕ್ಕೆ ಕೂಡಿಕೊಳ್ಳುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಬಿಡಿಸಿಕೊಂಡು ಸುಮ್ಮನೆ ಉರುಳುತ್ತದೆ. ಈ ಗುಂಡಿ ಜಾಮಾಗುವುದು ನಮ್ಮಲ್ಲಿ ಸಾಮಾನ್ಯ. ಕೆರೆನೀರಿಗೆ ಇಳಿಸಿದ್ದಕ್ಕೆ ಹೀಗಾಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಕೆರೆಯ ಮುಖವನ್ನೇ ಕಾಣದ ಗಾಡಿಗಳಿಗೂ ಅದನ್ನೇ ಹೇಳುತ್ತಿದ್ದರು. ನಾನು ಅಂಥ ಹಲವು ಗುಂಡಿಗಳನ್ನು ಬಿಚ್ಚಿ, ಒಳಗೆ ಗಟ್ಟಿಯಾಗಿ ಕುಳಿತದ್ದನ್ನು ಕೆರೆದು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿದ್ದೇನೆ. ತುಕ್ಕು ಇರುತ್ತಿತ್ತು, ನಿಜ. ಆದರೆ ಬಹುಪಾಲು ಕುಂಕುಮ, ವಿಭೂತಿ, ಗಂಧ. ಆಯುಧಪೂಜೆಯಂದು ಚಕ್ರದ ನಡುವೆ ಬೊಟ್ಟಿಡುವುದು ನಮ್ಮ ಪದ್ಧತಿ. ಜೀಪಿನಲ್ಲಿ ಚಕ್ರದ ನಡುವೆ ಇರುವುದು ಆ ಗುಂಡಿಯೇ. ಅದರ ರಬ್ಬರ್ ಉಂಗುರ ಸವೆದಿದ್ದರೆ ಒದ್ದೆ ಕುಂಕುಮ ಸಂದಿಗಿಳಿದು, ಹಳೆ ಗ್ರೀಸಿನೊಡನೆ ಕಲಸಿ, ವರ್ಷದಿಂದ ವರ್ಷಕ್ಕೆ ಸಿಮೆಂಟಾಗುತ್ತದೆ. ಇದನ್ನು ಹೇಳಿದ್ದಕ್ಕೆ ನನಗೆ ನಾಸ್ತಿಕನೆಂಬ ಹೆಸರು ಬಂತು. ಬೊಟ್ಟು ಇಡಬೇಡಿ ಎಂದು ನಾನು ಎಂದೂ ಹೇಳಲಿಲ್ಲ. ಟೈರಿಗೆ ಇಡಿ ಎಂದೆ, ಅಷ್ಟೇ.

ಮೂರನೆಯ ಸೂತ್ರವೇ ಈ ಬರಹದ ವಿಷಯ. ಚಕ್ರ ಕೈಗೆ ಆಡಬಾರದು ಎಂಬುದು ಅದು.

ಗಾಡಿ ಒಪ್ಪಿಸಿಕೊಳ್ಳಲು ಬಂದ ಗಿರಾಕಿ ಬೋಗುಣಿಯನ್ನು ತಟ್ಟಿ ನೋಡುವವರಂತೆ ಏನಾದರೊಂದನ್ನು ಪರೀಕ್ಷಿಸಲೇಬೇಕು. ನಮ್ಮ ಕಡೆ ಅದಕ್ಕೊಂದು ಪದ್ಧತಿ ನಿಂತುಬಿಟ್ಟಿತ್ತು. ಜಾಕಿಯ ಮೇಲಿರುವ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಾಡಿಸುವುದು. ಕೊಂಚ ಆಡಿದರೂ ‘ಪ್ಲೇ ಇದೆ’ ಎನ್ನುವುದು. ಆಗ ದೊರೈ ಮರುಮಾತಿಲ್ಲದೆ ಹಬ್ಬಿನ ನಟ್ಟನ್ನು ಇನ್ನಷ್ಟು ಬಿಗಿಯುತ್ತಿದ್ದರು. ಗಿರಾಕಿ ಮತ್ತೆ ಅಲುಗಾಡಿಸಿ, ತೃಪ್ತಿಯಿಂದ ಕೈ ಒರೆಸಿಕೊಂಡು ಹೋಗುತ್ತಿದ್ದರು. ಬೇರಿಂಗಿನ ಉರುಳೆಗಳಿಗೆ ಕೂದಲೆಳೆಯಷ್ಟು ಸಡಿಲ ಬೇಕು. ಓಡುವಾಗ ಲೋಹ ಕಾದು ಹಿಗ್ಗಿ ಆ ಸಡಿಲವನ್ನು ನುಂಗುತ್ತದೆ. ತಣ್ಣಗಿರುವಾಗಲೇ ಸಡಿಲವಿಲ್ಲದಿದ್ದರೆ ಹಿಗ್ಗಲು ಜಾಗವೆಲ್ಲಿ?

ನಾನು ಇದನ್ನು ದೊರೈಗೆ ಚೀಟಿ ತೋರಿಸಿ ಹೇಳಿದ್ದುಂಟು. “ಸುಮ್ನಿರಪ್ಪ ನೀನು. ಕಸ್ಟಮರ್ ಕೈಗೆ ಆಡಿದ್ರೆ ಗಾಡಿ ಗೇಟ್ ದಾಟಲ್ಲ. ಈ ಚೀಟಿ ಬರ್ದವನು ಬಂದು ಅವರಿಗೆ ಸಮಾಧಾನ ಹೇಳ್ತಾನಾ?” ಎಂದು ಅವರು ನಕ್ಕುಬಿಟ್ಟಿದ್ದರು.

ಒಂದು ಬೆಳಿಗ್ಗೆ ಅತ್ತಿಬೆಲೆಯ ಕಡೆಯಿಂದ ಲಾರಿಯೊಂದರ ಮೇಲೆ ಹಸಿರು ಜೀಪು ಬಂತು. ಅದು ನಮಗೆ ಗೊತ್ತಿದ್ದ ಗಾಡಿಯೇ. ಅದರ ಒಡತಿ ಸುಧಾ ಅವರು ಆನೇಕಲ್ ಸುತ್ತಿನ ಬೆಟ್ಟಗುಡ್ಡಗಳ ಮೇಲಿನ ಮೊಬೈಲ್ ಟವರುಗಳ ದುರಸ್ತಿಯ ಗುತ್ತಿಗೆದಾರರು. ಹೊಸ ಗಾಡಿಗಳು ಹತ್ತದ ಕಲ್ಲುದಾರಿಗೆ ಈ ಹಳೆಯ ಜೀಪನ್ನು ಇಟ್ಟುಕೊಂಡಿದ್ದರು. ಸ್ವಲ್ಪ ದಿನದ ಹಿಂದೆ ನಮ್ಮಲ್ಲೇ ಅದರ ಮುಂದಿನ ಎರಡೂ ಚಕ್ರಗಳಿಗೆ ಹೊಸ ಬೇರಿಂಗು ಹಾಕಿ ಕಳಿಸಿದ್ದೆವು. ಆ ವಾರ ನಾನು ಮಗಳ ಮನೆಗೆ ಬ್ರೂಕ್‌ಫೀಲ್ಡಿಗೆ ಹೋಗಿದ್ದೆ. ಕೆಲಸ ದೊರೈ ಕೈಯದು. ಗಾಡಿ ಅದಾದ ಮೇಲೆ ಸಣ್ಣಪುಟ್ಟ ಓಡಾಟವಷ್ಟೇ ಮಾಡಿತ್ತು. ಮೊದಲ ದೂರದ ಓಟದಲ್ಲಿ, ಬೆಟ್ಟ ಇಳಿಯುವಾಗ, ಬಲಗಡೆಯ ಮುಂದಿನ ಚಕ್ರ ಹಿಡಿದುಕೊಂಡಿತು. ಜೀಪು ಬಲಕ್ಕೆ ತಿರುಗಿ ಬಂಡೆಗೆ ಗುದ್ದಿ ನಿಂತಿತು. ಬಂಡೆ ಅಲ್ಲಿರದಿದ್ದರೆ ಕೆಳಗೆ ಹಳೆಯ ಕಲ್ಲುಕ್ವಾರಿ. ಒಳಗಿದ್ದ ಕೆಲಸಗಾರರಲ್ಲಿ ಮುನಿರಾಜು ಎಂಬವನಿಗೆ ತೋಳಿನ ಮೂಳೆ ಮುರಿದಿತ್ತು.

ಲಾರಿಯ ಹಿಂದೆಯೇ ಕಾರಿನಲ್ಲಿ ಸುಧಾ ಅವರೂ ಇಳಿದರು. ಅವರ ಜೊತೆ ಜೀಪಿನ ಡ್ರೈವರು ಶರಣಪ್ಪ. ಯಾದಗಿರಿಯ ಕಡೆಯವನು, ಚಂದಾಪುರದಲ್ಲಿ ಬಾಡಿಗೆ ಕೋಣೆಯಲ್ಲಿರುವವನು. ಸುಧಾ ಅವರ ಮಾತು ಸಿದ್ಧವಾಗಿತ್ತು.

“ನಂಜಣ್ಣ, ನನಗೆ ಒಂದೇ ಒಂದು ಗೊತ್ತಾಗ್ಬೇಕು. ಇವನು ಕೋಡಿ ನೀರಲ್ಲಿ ಗಾಡಿ ಇಳ್ಸಿದ್ದಾನೆ. ಅದೂ ಸಾಲ್ದು ಅಂತ ಹಬ್ ಲಾಕ್ ಮಾಡ್ಕೊಂಡೇ ಹೊಸೂರ್ ರೋಡಲ್ಲಿ ಓಡ್ಸಿದ್ದಾನೆ. ಜೊತೆಗಿದ್ದ ಹುಡುಗರು ಸ್ಪೀಡಾಗಿ ಬಂದ ಅಂತಾನೂ ಹೇಳ್ತಿದ್ದಾರೆ. ಇವನದ್ದೇ ತಪ್ಪು ಅಂತಾದ್ರೆ ಇವತ್ತೇ ಕೆಲಸದಿಂದ ತೆಗೀತೀನಿ. ನಾಳೆ ಯಾರಾದ್ರೂ ಸತ್ರೆ ಉತ್ತರ ಹೇಳೋಳು ನಾನು.”

ಅವರ ಮಾತಿನಲ್ಲಿ ಅನ್ಯಾಯವೇನೂ ಕಾಣಲಿಲ್ಲ. ಶರಣಪ್ಪ ಜೀಪಿನ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತಿದ್ದ. ಗುತ್ತಿಗೆದಾರರ ಲೋಕ ಚಿಕ್ಕದು. ಜನರನ್ನು ಬೆಟ್ಟದ ಮೇಲಿಂದ ಉರುಳಿಸಲಿದ್ದವನೆಂಬ ಹೆಸರು ಅಂಟಿದರೆ ಆನೇಕಲ್ಲಿನಿಂದ ಹೊಸೂರಿನ ತನಕ ಯಾರೂ ಅವನ ಕೈಗೆ ಸ್ಟೇರಿಂಗು ಕೊಡುವುದಿಲ್ಲ.

“ಕೋಡಿ ದಾಟೀಯೋ ಇಲ್ಲವೋ?” ಎಂದು ನಾನು ಕೇಳಿದೆ.

“ದಾಟೀನ್ರಿ. ಬೆಟ್ಟಕ್ಕ ಅದ ದಾರಿರಿ, ಬ್ಯಾರೆ ಎಲ್ಲೈತ್ರಿ? ಗುಂಡಿ ತಿರುವಾಕ ನೋಡೀನಿ, ತಿರುಗವಲ್ದು. ಪಕ್ಕಡ್ ಹಾಕಿದ್ರೂ ಅಳ್ಳಾಡ್ಲಿಲ್ಲ. ಸ್ಪೀಡ್ ಮಾತ್ರ ಸುಳ್ಳರಿ. ಎರಡನೇ ಗೇರಿನಾಗ ಇಳಿಸೀನಿ.”

ಕಥೆ ಹೇಳುವವರು ನಾನು ಕಿವಿಯಿಟ್ಟೆನೆನ್ನುವುದು ಈ ಹೊತ್ತಿನಲ್ಲಿ. ನಾನು ಮಾಡಿದ್ದು ಇಷ್ಟು: ಮೊದಲು ಎಡಗಡೆಯ ಚಕ್ರವನ್ನು ಬಿಚ್ಚಿದೆ. ಕೆಟ್ಟದ್ದು ಬಲಗಡೆಯದ್ದಲ್ಲವೇ ಎಂದು ಸುಧಾ ಅವರು ಕೇಳಿದರು. ಕೆಟ್ಟದ್ದು ತನ್ನ ಬಗ್ಗೆ ಮಾತ್ರ ಹೇಳುತ್ತದೆ. ಕೆಡದೆ ಉಳಿದದ್ದನ್ನು ಪಕ್ಕದಲ್ಲಿಟ್ಟರೆ ಮಾತ್ರ ಅದು ಹೇಳುವುದು ನಿಜವೋ ಅಲ್ಲವೋ ತಿಳಿಯುತ್ತದೆ. ಹೊಸಬರು ಈ ಒಂದು ಅಭ್ಯಾಸವನ್ನು ಬಿಡಬಾರದು.

ಎಡಗಡೆಯ ಗ್ರೀಸು ಅಂಚಿನಲ್ಲಿ ಕೊಂಚ ಹಾಲುಬಣ್ಣಕ್ಕೆ ತಿರುಗಿತ್ತು. ನೀರು ಹೊಕ್ಕಿದ್ದು ನಿಜ. ಅದನ್ನು ನಾನು ಸುಧಾ ಅವರಿಗೆ ಬೆರಳಿನಲ್ಲಿ ತೆಗೆದು ತೋರಿಸಿದೆ. ಶರಣಪ್ಪನ ಮುಖ ಬಾಡಿತು. ಆದರೆ ಉರುಳೆಗಳನ್ನು ತೊಳೆದಾಗ ಅವು ಕನ್ನಡಿಯಂತಿದ್ದವು. ಬಲಗಡೆಯದನ್ನು ಬಿಚ್ಚಲು ಕಷ್ಟವಾಯಿತು. ಒಳಗಿನ ಉಂಗುರ ಅಚ್ಚಿಗೆ ಬೆಸೆದುಕೊಂಡಿತ್ತು. ಸುತ್ತಿಗೆ ತೆಗೆದುಕೊಳ್ಳಲು ಹೋದ ದೊರೈಯನ್ನು ತಡೆದು, ಪುಲ್ಲರ್ ಎಂಬ ಎಳೆಗವನ್ನು ಕಚ್ಚಿಸಿ, ಹದವಾಗಿ ಬಿಸಿ ಕೊಟ್ಟು ಎಳೆದೆವು. ಹೊಡೆದು ತೆಗೆದರೆ ನಮ್ಮ ಪೆಟ್ಟು ಯಾವುದು, ಹಳೆಯ ಪೆಟ್ಟು ಯಾವುದು ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಹೊರಬಂದ ಉರುಳೆಗಳು ನೀಲಿಗಪ್ಪಾಗಿದ್ದವು. ಅವುಗಳ ದಪ್ಪ ತುದಿಗಳು ಸುತ್ತಲೂ ಒಂದೇ ಸಮನಾಗಿ ಉಜ್ಜಿ ಹರಿದಿದ್ದವು. ನೀರು ತಿಂದ ಬೇರಿಂಗಿನಲ್ಲಿ ಅಲ್ಲಲ್ಲಿ ಕಂದು ಕಲೆ ಬೀಳುತ್ತದೆ. ಸುತ್ತಲೂ ಒಂದೇ ಸಮ ಉಜ್ಜುವುದು ಅಮುಕಿ ಹಿಡಿದದ್ದರಿಂದ. ಲಾಕ್ ಆಗಿಯೇ ಉಳಿದಿದ್ದ ಗುಂಡಿಯನ್ನೂ ಬಿಚ್ಚಿ ಅದರೊಳಗಿನ ಕುಂಕುಮದ ಗಟ್ಟಿಯನ್ನು ತೋರಿಸಿದೆ. ಗುಂಡಿ ಲಾಕ್ ಆಗಿದ್ದರೆ ಒಳಗಿನ ಅಚ್ಚು ಸುಮ್ಮನೆ ಜೊತೆಗೆ ತಿರುಗುತ್ತದೆ; ಚಕ್ರದ ಬೇರಿಂಗಿಗೆ ಅದರಿಂದ ಭಾರವೇನೂ ಬೀಳದು.

ಎರಡು ಚಕ್ರಕ್ಕೂ ಒಂದೇ ನೀರು, ಒಂದೇ ಗ್ರೀಸು, ಒಂದೇ ವಯಸ್ಸಿನ ಬೇರಿಂಗು, ಒಬ್ಬನೇ ಡ್ರೈವರು. ಒಂದು ಸರಿಯಿದೆ, ಒಂದು ಸುಟ್ಟಿದೆ. ಹಾಗಾದರೆ ಎರಡಕ್ಕೂ ಬೇರೆ ಬೇರೆಯಾಗಿ ಆದದ್ದೇನು ಎಂದು ನಾನು ಎಲ್ಲರ ಎದುರೇ ಕೇಳಿದೆ. ಶರಣಪ್ಪ ನೆಲ ನೋಡುತ್ತ ಹೇಳಿದ:

“ಅವತ್ತು ಗಾಡಿ ಒಯ್ಯಾಕ ಬಂದಾಗ ಮೇಡಮ್ಮಾರು ಗಾಲಿ ಹಿಡಿದು ಅಳ್ಳಾಡಿಸಿದ್ರಲ್ರಿ... ಎಡಗಡೇದು ಬರೋಬ್ಬರಿ ಐತಿ ಅಂದ್ರು. ಬಲಗಡೇದು ಆಡ್ತೈತಿ ಅಂದ್ರು.”

“ಹೌದು, ಆಡ್ತಿತ್ತು,” ಎಂದರು ಸುಧಾ. “ಎರಡು ಸಲ ಬಿಗಿಸ್ದೆ. ಆಮೇಲೂ ಸ್ವಲ್ಪ ಆಡ್ತಿತ್ತು. ಮತ್ತೆ ಬಿಗಿಸ್ದೆ. ಅದ್ರಲ್ಲೇನು ತಪ್ಪು? ಆಡೋ ಚಕ್ರ ಹಾಕ್ಕೊಂಡು ಬೆಟ್ಟ ಹತ್ಸೋಕಾಗುತ್ತಾ?”

ಅಲ್ಲಿಯವರೆಗೆ ನಾನೂ ಊಹಿಸಿರದ ಒಂದು ಸಂಗತಿ ಅವರ ಮಾತಿನಲ್ಲಿತ್ತು. ನಟ್ಟನ್ನು ಅಷ್ಟು ಬಿಗಿದ ಮೇಲೂ ಚಕ್ರ ಆಡುತ್ತಿತ್ತೆಂದರೆ ಆಟ ಬೇರಿಂಗಿನದ್ದಾಗಿರಲಾರದು. ಹೊಸ ಬೇರಿಂಗು ಜೋಡಿಸಿ, ನಟ್ಟನ್ನು ಸರಿಯಾದ ಹದಕ್ಕೆ ನಿಲ್ಲಿಸಿ, ಚಕ್ರ ಹಾಕಿದೆವು. ಶರಣಪ್ಪನನ್ನು ಒಳಗೆ ಕೂರಿಸಿ ಬ್ರೇಕನ್ನು ಒತ್ತಿ ಹಿಡಿಯಲು ಹೇಳಿದೆ. ಬ್ರೇಕು ಹಿಡಿದಾಗ ಬೇರಿಂಗಿನ ಸಡಿಲ ಕೈಗೆ ಸಿಗುವುದಿಲ್ಲ.

“ಈಗ ಅಲುಗಾಡಿಸಿ ಮೇಡಂ.”

ಅವರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಾಡಿಸಿದರು. ಚಕ್ರ ಆಡಿತು. ಅವರು ನಿಲ್ಲಿಸಿ, ಮತ್ತೊಮ್ಮೆ ಮಾಡಿದರು. ಮತ್ತೆ ಆಡಿತು. ಸವೆದಿದ್ದದ್ದು ಅದರ ಹಿಂದಿನ ಕೀಲು, ಸ್ಟೇರಿಂಗು ತಿರುಗಿಸಿದಾಗ ಚಕ್ರ ಯಾವುದರ ಮೇಲೆ ಹೊರಳುತ್ತದೆಯೋ ಆ ಕಿಂಗ್‌ಪಿನ್ನು. ಕೀಲಿನ ರೋಗಕ್ಕೆ ಬೇರಿಂಗಿನ ಕತ್ತು ಹಿಸುಕಿದ್ದಾಗಿತ್ತು.

ಆಮೇಲೆ ಸುಧಾ ಅವರು ಕೇಳಿದ ಪ್ರಶ್ನೆಯನ್ನು ಪೀಣ್ಯದ ಕಥೆಯವರು ಹೇಳುವುದೇ ಇಲ್ಲ. ಇಡೀ ಪ್ರಸಂಗದಲ್ಲಿ ಎಲ್ಲಕ್ಕಿಂತ ಸರಿಯಾದ ಮಾತು ಅದೇ.

“ಸರಿ, ನಂಗೆ ಗೊತ್ತಿರ್ಲಿಲ್ಲ, ಬಿಗೀರಿ ಅಂದೆ. ನಿಮಗೆ ಗೊತ್ತಿತ್ತಲ್ಲ? ಡಾಕ್ಟ್ರ ಹತ್ರ ಹೋಗಿ ಈ ಮಾತ್ರೆನೇ ಕೊಡಿ ಅಂದ್ರೆ ಕೊಟ್ಬಿಡ್ತಾರಾ? ಆವತ್ತು ಯಾರ್ರೀ ಬಿಗಿದಿದ್ದು?”

ದೊರೈ ನನಗಿಂತ ಹಿರಿಯರು. ಹೆಸರು ಹೇಳಿದರೆ ಗ್ಯಾರೇಜಿಗೇ ಕೆಟ್ಟ ಹೆಸರು, ಹೇಳದಿದ್ದರೆ ಶರಣಪ್ಪನ ತಲೆಯ ಮೇಲಿನದು ಇಳಿಯದು. ನಾನು ಈ ಲೆಕ್ಕ ಹಾಕುತ್ತಿರುವಾಗಲೇ ದೊರೈ ಎಳೆಗವನ್ನು ಬೆಂಚಿನ ಮೇಲಿಟ್ಟು ಮುಂದೆ ಬಂದರು.

“ನಾನೇ ಮೇಡಂ. ಕೈಗೆ ಭಾರ ಬಂದದ್ದು ಗೊತ್ತಾಯ್ತು. ನಟ್ಟು ಬೇಡಾ ಬೇಡಾ ಅಂತ ಹೇಳ್ತಿತ್ತು. ನೀವು ನಿಂತ್ಕೊಂಡು ನೋಡ್ತಿದ್ರಿ, ಬಿಗಿದ್ಬಿಟ್ಟೆ. ಈ ಡ್ರೈವರ್ ಪಯ್ಯನ್ದು ತಪ್ಪೇನೂ ಇಲ್ಲ.”

“ನಾನು ನಿಂತಿದ್ದೆ ಅಂತಾನಾ?”

“ಯಾರು ನಿಂತಿದ್ರೂ ಹಂಗೇ ಮಾಡ್ತಿದ್ದೆ ಮೇಡಂ. ಜಗಳ ಬೇಡ ಅಂತ.”

ಸುಧಾ ಅವರು ಕೋಪಗೊಳ್ಳುವರೆಂದು ನಾನು ಕಾದೆ. ಅವರು ಕೈಗೆ ಸೀಮೆಎಣ್ಣೆ ಕೇಳಿದರು. ಕೈ ತೊಳೆದುಕೊಳ್ಳುತ್ತ, “ಆ ಕಿಂಗ್‌ಪಿನ್ನೂ ಹಾಕಿ. ಆಡೋದು ಎಷ್ಟಿರ್ಬೇಕೋ ಅಷ್ಟಿಡಿ. ನಾನು ಮುಟ್ಟೋದಿಲ್ಲ,” ಎಂದರು. ಶರಣಪ್ಪನ ಕಡೆ ತಿರುಗಿ, “ಗಾಡಿ ರೆಡಿಯಾದ್ಮೇಲೆ ನೀನೇ ತಗೊಂಡ್ಬಾ,” ಎಂದು ಹೇಳಿ ಹೊರಟರು. ಕ್ಷಮೆಯ ಮಾತನ್ನು ಅವರು ಆಡಲಿಲ್ಲ. ಅವನು ನಿರೀಕ್ಷಿಸಿದಂತೆಯೂ ಕಾಣಲಿಲ್ಲ.

ಆ ಮೇಲೆ ನಮ್ಮಲ್ಲಿ ಪದ್ಧತಿ ಬದಲಾಯಿತು. ಚಕ್ರದ ಆಟವನ್ನು ಮುಳ್ಳಿನಲ್ಲಿ ತೋರಿಸುವ ಒಂದು ಅಳತೆಯ ಸಾಧನ ತಂದೆವು. ಗಿರಾಕಿ ಅಲುಗಾಡಿಸಲು ಬಗ್ಗಿದರೆ, ದೊರೈ ಅವರ ಕೈ ಹಿಡಿದು ಮುಳ್ಳಿನ ಕಡೆ ತೋರಿಸುತ್ತಿದ್ದರು. ಜಗಳ ನಿಂತಿತೆಂದಲ್ಲ, ಈಗ ಮುಳ್ಳಿನ ಜೊತೆ ಜಗಳವಾಡುತ್ತಿದ್ದರು, ನಮ್ಮ ಜೊತೆಯಲ್ಲ. ಇತ್ತೀಚಿನ ಗಾಡಿಗಳಲ್ಲಿ ಬೇರಿಂಗು ಮುಚ್ಚಿದ ಡಬ್ಬಿಯಾಗಿಯೇ ಬರುತ್ತದೆ. ಬಿಗಿಯುವ ಹದವೂ ಇಲ್ಲ, ಗ್ರೀಸೂ ಇಲ್ಲ. ಕೆಟ್ಟರೆ ಬಿಸಾಡುವುದು. ಅದು ಒಳ್ಳೆಯದೆಂದು ಕೆಲವರು, ಕೆಟ್ಟದ್ದೆಂದು ಕೆಲವರು ಹೇಳುತ್ತಾರೆ. ಬಿಸಾಡುವ ಮೊದಲು ಬಿಚ್ಚಿ ನೋಡಿದವರ ಮಾತಿಗೆ ಮಾತ್ರ ಕಿವಿಗೊಡಿ.

ಕಥೆ ಹೇಳುವವರು ಇಲ್ಲಿಗೆ ಮುಗಿಸುತ್ತಾರೆ: ಡ್ರೈವರನ ಕೆಲಸ ಉಳಿಯಿತು, ನಂಜಣ್ಣ ಉಳಿಸಿದ. ಕೆಲಸ ಉಳಿಸಿದವರು ಯಾರಾದರೂ ಇದ್ದರೆ ಅದು ದೊರೈ. ಅಲ್ಲದೆ ಕೆಲಸ ಉಳಿದದ್ದೂ ಅಂದಲ್ಲ. ಕಿಂಗ್‌ಪಿನ್ನಿನ ಕೆಲಸ ನಡೆಯುತ್ತಿರುವಾಗ ಶರಣಪ್ಪ ನನಗೆ ಹೇಳಿದ: “ಮೇಡಮ್ಮಾರು ಇಟ್ಕೊಂಡಾರ್ರಿ, ಖರೇ. ಸದ್ಯಕ್ಕ ಬ್ಯಾರೆ ಗಾಡಿ ಕೊಟ್ಟಾರ, ಆದ್ರ ಮಂದಿ ನನ್ನ ಗಾಡ್ಯಾಗ ಕೂಡವಲ್ರು. ನಾ ಬಂದ್ರ ಬೈಕ್ ತಗೊಂಡು ಹೊಂಟ್ ಬಿಡ್ತಾರ. ಖಾಲಿ ಗಾಡಿ ಹೊಡ್ಯಾಕ ನನ್ನ ಯಾಕ್ ಇಟ್ಕೋತಾರ್ರಿ ಮುಂದ?”

ಅದಕ್ಕೆ ನನ್ನ ಬಳಿ ಸಾಧನವಿರಲಿಲ್ಲ. ಸುಟ್ಟ ಉರುಳೆಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟು, ಅವರಿಗೆ ತೋರಿಸು ಎಂದೆ. ಅವನು ತೆಗೆದುಕೊಳ್ಳಲಿಲ್ಲ. “ಕಬ್ಬಿಣ ತೋರಿಸಿ ಕೂಡ್ರಿ ಅಂದ್ರ ಕೂಡ್ತಾರೇನ್ರಿ?” ಎಂದ.

ಜೀಪು ಹೊರಡುವ ದಿನ ಮುನಿರಾಜು ಬಂದ. ಪೀಣ್ಯದ ಹತ್ತಿರದ ಆಸ್ಪತ್ರೆಯಲ್ಲಿ ಪಟ್ಟಿ ಬದಲಿಸಿಕೊಂಡು, ಊರಿನ ಆ ತುದಿಗೆ ಬಸ್ಸು ಹಿಡಿಯುವ ಮೊದಲು ಗಾಡಿ ಏನಾಯಿತೆಂದು ನೋಡಲು ಬಂದಿದ್ದನಂತೆ. ಹಾಗೆಂದು ಅವನೇ ಹೇಳಿದ್ದು. ಆನೇಕಲ್ಲಿನ ಹಳ್ಳಿಯವನು, ಗಿಡ್ಡ, ಕುತ್ತಿಗೆಗೆ ತೂಗುಹಾಕಿದ ತೋಳು. ಜೀಪನ್ನು ಒಂದು ಸುತ್ತು ಹಾಕಿದ. ಚಕ್ರವನ್ನು ಮುಟ್ಟಲಿಲ್ಲ. ನಾನು ಬೇರಿಂಗಿನ ವಿಷಯ ಶುರುಮಾಡಿದೆ.

“ಅದೆಲ್ಲಾ ಮೇಡಂ ಏಳವ್ರೆ ಬುಡಣ್ಣೋ,” ಎಂದು ಅವನು ನನ್ನನ್ನು ತಡೆದು, ಶರಣಪ್ಪನ ಎದುರು ಹೋಗಿ ನಿಂತ. “ನಿಜ ಏಳ್ಲಾ. ಅವತ್ತು ನೀನು ಜೋರಾಗಿ ಇಳ್ಸಿದ್ಯೋ ಇಲ್ವೋ?”

“ಎರಡನೇ ಗೇರಿನಾಗ ಇಳಿಸೀನಿ.”

“ಅಂಗಾದ್ರೆ ನಂಗ್ಯಾಕೆ ಜೋರು ಅನ್ಸ್ತು?”

“ಬಂಡಿ ಎದುರಿಗೆ ಬರಾಕತ್ತಿತ್ತಲ್ಲ ಮಾರಾಯ. ನನಗೂ ಹಂಗ ಅನಿಸ್ತು.”

ಯಾದಗಿರಿಯ ಬಾಯಲ್ಲಿ ಬಂಡಿಯೆಂದರೆ ಬಂಡೆಯೆಂದು ಮುನಿರಾಜುವಿಗೆ ತಿಳಿಯಲು ಕ್ಷಣ ಹಿಡಿಯಿತು. ಅವನು ನಗಲಿಲ್ಲ. ಹಿಂದಿನ ಬೆಂಚಿನ ಕಡೆ ನೋಡಿದ, ಮುಂದಿನ ಸೀಟಿನ ಕಡೆ ನೋಡಿದ. ಆಮೇಲೆ ಸುತ್ತಿಬಂದು ಮುಂದಿನ ಸೀಟಿನ ಕಂಬಿಯನ್ನು ಸರಿಯಿದ್ದ ಕೈಯಲ್ಲಿ ಹಿಡಿದ. ಒಂದೇ ಕೈಯಲ್ಲಿ ಹತ್ತಲು ಆಗಲಿಲ್ಲ. ಶರಣಪ್ಪ ಹತ್ತಿರ ಬಂದು ಅವನ ಸೊಂಟಕ್ಕೆ ಕೈಕೊಟ್ಟು ಮೇಲೆತ್ತಿದ.

“ಬೇಗ ಓಡ್ಸು. ಅತ್ತಿಬೆಲೆ ತಾವ ಜಾಮ್ ಆಯ್ತದೆ,” ಎಂದ ಮುನಿರಾಜು.

ಅವನು ನಂಬಿ ಕುಳಿತನೋ, ಮುರಿದ ತೋಳಿನಲ್ಲಿ ಬಸ್ಸಿನ ನೂಕುನುಗ್ಗಲು ಬೇಡವೆಂದು ಕುಳಿತನೋ ನಾನು ಕೇಳಲಿಲ್ಲ; ಆದ್ದರಿಂದ ಬರೆಯಲಾರೆ. ಮುಂದಿನ ವಾರದಿಂದ ಉಳಿದವರೂ ಕೂರತೊಡಗಿದರೆಂದು ಶರಣಪ್ಪ ಫೋನಿನಲ್ಲಿ ಹೇಳಿದ. ಅಂದು ಮಾತ್ರ ನಾನು ಕಣ್ಣಾರೆ ಕಂಡದ್ದು ಇಷ್ಟು: ಗೇಟಿನ ಇಳಿಜಾರಿನಲ್ಲಿ ಜೀಪು ಬಹಳ ಮೆಲ್ಲಗೆ ಇಳಿಯಿತು. ಹಿಂದಿನಿಂದ ಯಾವನೋ ಆಟೋದವನು ಹಾರ್ನ್ ಬಾರಿಸುತ್ತಲೇ ಇದ್ದ. ಶರಣಪ್ಪ ಗೇರು ಬದಲಿಸಲಿಲ್ಲ.